ಬಲಿಯಲು ಬಿಡಬಾರದ ಪೊರೆ

ಮಗಳ ತೊಟ್ಟಿಲ ಶಾಸ್ತ್ರದ ದಿನ ತೆಗೆದ ಫೋಟೊದಲ್ಲಿ ಅವಳ ಬಲಗಣ್ಣಿನ ಪಾಪೆ ಫ್ಲ್ಯಾಷ್ ಬೆಳಕಿಗೆ ಕೆಂಪಗೆ ಬಂದಿತ್ತು, ಎಡಗಣ್ಣಿನದು ಬೆಳ್ಳಗೆ. ಕ್ಯಾಮೆರಾದ ದೋಷ ಎಂದುಕೊಂಡೆವು. ಎರಡು ತಿಂಗಳಾಗುವಷ್ಟರಲ್ಲಿ ಆ ಬಿಳುಪು ಬರಿಗಣ್ಣಿಗೇ ಕಾಣತೊಡಗಿತು. ಹುಟ್ಟಿನಿಂದಲೇ ಬಂದ ಪೊರೆ. ನಮ್ಮಜ್ಜಿ ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇನ್ನೂ ಎಳೇದು ಕಣೇ, ಬಲೀಲಿ ಬಿಡು. ಬಲಿಯೋಕೆ ಮುಂಚೆ ಪೊರೆ ತೆಗೆಸಬಾರದು" ಎಂದರು. ಊರಿನ ವೈದ್ಯರೊಬ್ಬರೂ ಮಗುವಿಗೆ ವರ್ಷ ತುಂಬಲಿ ಎಂದರು. ನಿಜ ಹೇಳಬೇಕೆಂದರೆ ಆ ಮಾತು ನಮಗೂ ಬೇಕಾಗಿತ್ತು. ಅಷ್ಟು ಪುಟ್ಟ ಕಣ್ಣಿಗೆ ಕತ್ತಿ ಮುಟ್ಟಿಸಲು ಯಾರಿಗೆ ಧೈರ್ಯ ಬರುತ್ತದೆ? ಕೊನೆಗೆ ಬೆಂಗಳೂರಿಗೆ ಕರೆದೊಯ್ದಾಗ ಅವಳಿಗೆ ಐದು ತಿಂಗಳು. ಅಲ್ಲಿನ ಡಾಕ್ಟರಮ್ಮ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ ಮೊದಲು ಕೇಳಿದ್ದು, "ಇಷ್ಟು ದಿನ ಎಲ್ಲಿದ್ರಿ?"

ಆ ಪ್ರಶ್ನೆ ಹಿಡಿದುಕೊಂಡೇ ನಾನು ಪೊರೆಯ ಚರಿತ್ರೆ ಓದಲು ಕೂತೆ. ಓದಿದಂತೆಲ್ಲ ಅಜ್ಜಿಯ ಮೇಲಿನ ಸಿಟ್ಟು ಇಳಿಯಿತು. ಅವರು ಹೇಳಿದ್ದು ಮೂಢನಂಬಿಕೆಯಲ್ಲ, ಹಳೆಯ ವೈದ್ಯಶಾಸ್ತ್ರ.

ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಈ ಚಿಕಿತ್ಸೆಯ ವಿವರ ಇದೆ. ಜವೆಗೋದಿಯ ಕಾಳಿನಂಥ ಮೊನೆಯ ಶಲಾಕೆಯಿಂದ ಕಣ್ಣನ್ನು ಚುಚ್ಚಿ, ದೃಷ್ಟಿಗೆ ಅಡ್ಡ ನಿಂತದ್ದನ್ನು ಸರಿಸುವುದು. ಪೊರೆಗಟ್ಟಿದ ಮಸೂರ ಕಣ್ಣೊಳಗೇ ಉಳಿಯುತ್ತಿತ್ತು, ದಾರಿ ಬಿಟ್ಟುಕೊಡುತ್ತಿತ್ತು ಅಷ್ಟೇ. ಚುಚ್ಚಿದ ಮೇಲೆ ಕಣ್ಣಿಗೆ ಎದೆಹಾಲು ಎರೆಯಬೇಕು, ತುಪ್ಪದ ಬಟ್ಟೆ ಕಟ್ಟಬೇಕು, ರೋಗಿ ಸೀನಬಾರದು, ಕೆಮ್ಮಬಾರದು, ತೇಗಬಾರದು. ಮಸೂರವನ್ನು ಹೊರಕ್ಕೇ ತೆಗೆಯುವ ಕ್ರಮವನ್ನು 1747ರಲ್ಲಿ ಫ್ರಾನ್ಸಿನ ಜಾಕ್ ದವಿಯೆಲ್ ಆರಂಭಿಸಿದ. ಆಗಲೂ ಬಲಿತ ಪೊರೆಯೇ ಲೇಸು. ಎಳೆಯದಾದರೆ ಅಂಟಿಕೊಂಡು ಚೂರುಗಳು ಒಳಗೇ ಉಳಿದುಬಿಡುತ್ತಿದ್ದವು. ನಮ್ಮಜ್ಜಿ ಡಾ. ಎಂ.ಸಿ. ಮೋದಿಯವರ ಶಿಬಿರದಲ್ಲಿ, ಸಾಲಾಗಿ ಮಲಗಿದ ಜನರ ನಡುವೆ ಪೊರೆ ತೆಗೆಸಿಕೊಂಡವರು. ಪೊರೆ ಬಲಿಯಲೆಂದು ಕಾದು, ಕಣ್ಣು ಪಡೆದವರು. ಅವರ ಪಾಲಿಗೆ ಅದು ಅನುಭವದ ಮಾತು.

ಆದರೆ ಮುದುಕರ ಕಣ್ಣು ನೋಡುವುದನ್ನು ಕಲಿತಾಗಿರುತ್ತದೆ. ಮಗುವಿನದು ಇನ್ನೂ ಕಲಿಯಬೇಕು.

ಈ ವ್ಯತ್ಯಾಸದ ಮೊದಲ ಸುಳಿವು ಸಿಕ್ಕಿದ್ದು ತತ್ತ್ವಜ್ಞಾನಿಗಳಿಗೆ ಎನ್ನುವುದು ಸೋಜಿಗ. 1688ರಲ್ಲಿ ಐರ್ಲೆಂಡಿನ ವಿಲಿಯಂ ಮಾಲಿನೊ ಎಂಬಾತ ಜಾನ್ ಲಾಕ್‌ಗೆ ಬರೆದು ಕೇಳಿದ: ಗೋಲವನ್ನೂ ಘನವನ್ನೂ ಮುಟ್ಟಿಯೇ ಬಲ್ಲ ಹುಟ್ಟುಕುರುಡನಿಗೆ ಕಣ್ಣು ಬಂದರೆ, ಬರಿಯ ನೋಟದಿಂದ ಯಾವುದು ಯಾವುದೆಂದು ಹೇಳಬಲ್ಲನೇ? 1728ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ವಿಲಿಯಂ ಚೆಸೆಲ್ಡನ್ ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗನೊಬ್ಬನಿಗೆ ಚಿಕಿತ್ಸೆ ಮಾಡಿ ವರದಿ ಬರೆದ. ಕಂಡದ್ದೆಲ್ಲ ತನ್ನ ಕಣ್ಣನ್ನೇ ಮುಟ್ಟುತ್ತಿದೆ ಎಂದು ಆ ಹುಡುಗ ಭಾವಿಸಿದ್ದನಂತೆ. ಬೆಕ್ಕು ಯಾವುದು, ನಾಯಿ ಯಾವುದು ಎಂದು ಮತ್ತೆ ಮತ್ತೆ ಮರೆಯುತ್ತಿದ್ದ. ಕೇಳಲು ನಾಚಿಕೆಯಾಗಿ ಒಮ್ಮೆ ಬೆಕ್ಕನ್ನು ಹಿಡಿದು ಮೈಯೆಲ್ಲ ಸವರಿ, ದಿಟ್ಟಿಸಿ ನೋಡಿ, ಇನ್ನು ಮರೆಯುವುದಿಲ್ಲ ಎಂದು ಕೆಳಗಿಳಿಸಿದ. ಈಥರ್ ಬರಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲವಿತ್ತು, ಆ ಸೂಜಿಯನ್ನು ಅವನು ಎಚ್ಚರದಲ್ಲೇ ಸಹಿಸಿದ್ದ. ಎಲ್ಲರೂ ಬೆಕ್ಕಿನ ಕತೆ ಹೇಳುತ್ತಾರೆ, ನನಗೆ ಆ ಸೂಜಿಯೇ ನೆನಪಾಗುತ್ತದೆ.

ಕಾರಣ ತಿಳಿದದ್ದು 1960ರ ದಶಕದಲ್ಲಿ, ಅದೂ ಬೆಕ್ಕಿನ ಮರಿಗಳಿಂದಲೇ. ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಹೊಲಿದು ಕೆಲವು ತಿಂಗಳು ಬಿಟ್ಟು ಬಿಚ್ಚಿದರು. ಕಣ್ಣು ನೆಟ್ಟಗಿತ್ತು, ಆದರೆ ಮಿದುಳು ಅದರ ಮಾತು ಕೇಳುತ್ತಿರಲಿಲ್ಲ. ಅದರ ಪಾಲಿನ ಜಾಗವನ್ನು ತೆರೆದಿದ್ದ ಕಣ್ಣು ಆಕ್ರಮಿಸಿಕೊಂಡಿತ್ತು. ಬೆಳೆದ ಬೆಕ್ಕಿಗೆ ಹಾಗೇ ಮಾಡಿದರೆ ಏನೂ ಆಗಲಿಲ್ಲ. 1981ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾಲು ಬಂತು. ಒಂದೇ ಕಣ್ಣಿನಲ್ಲಿ ದಟ್ಟ ಪೊರೆಯಿರುವ ಕೂಸಿಗೆ ಮೊದಲ ಎರಡು ತಿಂಗಳೊಳಗೇ ಶಸ್ತ್ರಚಿಕಿತ್ಸೆ ಆಗಬೇಕು ಎಂದು ಇಂದಿನ ವೈದ್ಯರು ಅವಸರಿಸುವುದು ಇದೇ ತಿಳಿವಿನಿಂದ. ನಾವು ಕಳೆದುಕೊಂಡದ್ದು ಆ ಎರಡು ತಿಂಗಳ ಮೇಲೆ ಇನ್ನೂ ಮೂರು.

ಶಸ್ತ್ರಚಿಕಿತ್ಸೆಯ ದಿನ ಅರಿವಳಿಕೆಗೆ ನಾಲ್ಕು ಗಂಟೆ ಮೊದಲೇ ಹಾಲು ನಿಲ್ಲಿಸಲು ಹೇಳಿದ್ದರು. ಹಸಿದು ಅತ್ತ ಮಗುವನ್ನು ನರ್ಸ್ ಎತ್ತಿಕೊಂಡು ಹೋದರು. ಬಾಗಿಲು ಮುಚ್ಚಿದ ಮೇಲೂ ಅಳು ಕೇಳುತ್ತಿತ್ತು, ಆಮೇಲೆ ನಿಂತಿತು. ಎದೆಹಾಲು ಜಿನುಗಿ ರವಿಕೆ ಒದ್ದೆಯಾಗಿ ಬೆಂಚಿನ ಮೇಲೆ ಕೂತಿದ್ದೆ. ಸುಶ್ರುತನ ಕಾಲದಲ್ಲಾದರೆ ಅದೂ ಕೆಲಸಕ್ಕೆ ಬರುತ್ತಿತ್ತು ಎಂದು ಆಮೇಲೆ ಓದುವಾಗ ಅನ್ನಿಸಿತು.

ಕಣ್ಣು ಇನ್ನೂ ಬೆಳೆಯಬೇಕಾದ್ದರಿಂದ ಒಳಗೆ ಮಸೂರ ಇಡಲಿಲ್ಲ, ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟರು. ಅದಕ್ಕಿಂತ ಕಷ್ಟದ್ದು ಬಲಗಣ್ಣಿಗೆ ದಿನವೂ ಹಲವು ಗಂಟೆ ಪಟ್ಟಿ ಅಂಟಿಸುವುದು. ಚೆನ್ನಾಗಿ ಕಾಣುವ ಕಣ್ಣನ್ನು ಮುಚ್ಚಿ ಸೋಮಾರಿ ಕಣ್ಣಿಗೆ ಕೆಲಸ ಕೊಡಬೇಕು. ಅವಳು ಕಿತ್ತೆಸೆಯುತ್ತಾಳೆ, ನಾನು ಮತ್ತೆ ಅಂಟಿಸುತ್ತೇನೆ. ಈಗ ಅವಳಿಗೆ ಮೂರು ವರ್ಷ. ಎಡಗಣ್ಣು ಮಂದವೇ, ಆದರೆ ಮೊದಲಿನಷ್ಟಲ್ಲ.

ಮೊನ್ನೆ ಪಟ್ಟಿ ಹಾಕಿಕೊಂಡೇ ಜಗಲಿಗೆ ನಡೆದಳು. ಅಲ್ಲಿ ಅಮ್ಮ, ಅಜ್ಜಿ ಇಬ್ಬರೂ ಕೂತಿದ್ದರು. ಸ್ವಲ್ಪ ಹೊತ್ತು ನಿಂತು ನೋಡಿ ಅಜ್ಜಿಯ ಹತ್ತಿರ ಹೋದಳು. ಮೂಗುಬೊಟ್ಟನ್ನು ಬೆರಳಿನಿಂದ ತಡವಿ, "ಮುತ್ತಜ್ಜಿ" ಎಂದಳು.