ಆಕಾಶದಲ್ಲಿ ‘ಪರವಾಗಿಲ್ಲ’ ಎಂದರೆ

2015ರ ಆಗಸ್ಟ್ 18ರ ಬೆಳಗ್ಗೆ ದೋಹಾದಿಂದ ಬಂದ ಜೆಟ್ ಏರ್‌ವೇಸ್‌ನ ಬೋಯಿಂಗ್ 737 ವಿಮಾನ ಕೊಚ್ಚಿಯಲ್ಲಿ ಇಳಿಯಲು ಮೂರು ಸಲ ಯತ್ನಿಸಿತು. ಮೂರೂ ಸಲ ರನ್‌ವೇ ಸರಿಯಾಗಿ ಕಾಣದೆ ಮತ್ತೆ ಮೇಲೇರಬೇಕಾಯಿತು. ತಿರುವನಂತಪುರಕ್ಕೆ ಹೋದರೆ ಅಲ್ಲಿಯೂ ಅದೇ ಮಬ್ಬು. ಇಂಧನ ಮುಗಿಯುತ್ತ ಬಂದು ಪೈಲಟ್‌ಗಳು ರೇಡಿಯೊದಲ್ಲಿ ‘ಮೇಡೇ’ ಎಂದರು. ಅಲ್ಲಿಯೂ ಮೂರು ಯತ್ನಗಳು ವಿಫಲವಾದವು. ಒಟ್ಟು ಏಳನೆಯ ಯತ್ನದಲ್ಲಿ ಚಕ್ರ ನೆಲ ಮುಟ್ಟಿದಾಗ ಉಳಿದಿದ್ದ ಇಂಧನ 349 ಕಿಲೋ. ಹೆಚ್ಚೆಂದರೆ ಹತ್ತು ನಿಮಿಷದ ಹಾರಾಟಕ್ಕೆ ಆಗುವಷ್ಟು. ಒಳಗಿದ್ದ ಸುಮಾರು 150 ಮಂದಿಯೂ ಬದುಕಿದರು.

‘ಮೇಡೇ’ ಹುಟ್ಟಿದ್ದು 1920ರ ದಶಕದಲ್ಲಿ, ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದಲ್ಲಿ. ಅಲ್ಲಿಂದ ಪ್ಯಾರಿಸ್ಸಿಗೆ ಹೋಗಿಬರುವ ವಿಮಾನಗಳೇ ಹೆಚ್ಚು. ಹಾಗಾಗಿ ರೇಡಿಯೊ ಅಧಿಕಾರಿ ಮಾಕ್‌ಫರ್ಡ್, ‘ನನಗೆ ಸಹಾಯ ಮಾಡಿ’ ಎಂಬರ್ಥದ ಫ್ರೆಂಚ್ ಮಾತಿನ ಉಚ್ಚಾರವನ್ನೇ ಆರಿಸಿಕೊಂಡರು. ಗೊರಗೊರ ಸದ್ದಿನ ನಡುವೆಯೂ ತಪ್ಪದೆ ಕೇಳಿಸಲಿ ಎಂದು ಅದನ್ನು ಮೂರು ಸಲ ಹೇಳುವುದು ರೂಢಿ.

ಅಂಥ ಪದವೊಂದು ಕೈಯಲ್ಲೇ ಇದ್ದರೂ ಬಾಯಿಗೆ ಬಾರದೆ ಹೋದ ದಿನ 1990ರ ಜನವರಿ 25. ಕೊಲಂಬಿಯಾದಿಂದ ಹೊರಟ ಆವಿಯಾಂಕಾ 52 ವಿಮಾನವನ್ನು ನ್ಯೂಯಾರ್ಕ್ ಸಮೀಪ ಹವಾಮಾನದ ಕಾರಣಕ್ಕೆ ಒಂದು ಗಂಟೆಗೂ ಹೆಚ್ಚು ಕಾಲ ಸುತ್ತುಹಾಕಿಸಿದರು. ಸಹ ಪೈಲಟ್ ‘ಆದ್ಯತೆ’ ಕೇಳಿದರು, ಇಂಧನ ಮುಗಿಯುತ್ತಿದೆ ಎಂದರು. ‘ತುರ್ತು ಪರಿಸ್ಥಿತಿ’ ಎನ್ನಲಿಲ್ಲ. ಇಳಿಯುವ ಮೊದಲ ಯತ್ನ ತಪ್ಪಿದ ಮೇಲೆ ನಿಯಂತ್ರಕರು, ಇನ್ನಷ್ಟು ದೂರ ಸುತ್ತಿಸಿ ತರುತ್ತೇವೆ, ನಿಮಗೂ ನಿಮ್ಮ ಇಂಧನಕ್ಕೂ ತೊಂದರೆಯಿಲ್ಲವಲ್ಲ ಎಂದು ಕೇಳಿದರು. ಬಂದ ಉತ್ತರವನ್ನು ಕನ್ನಡಕ್ಕೆ ತಂದರೆ ಹೆಚ್ಚುಕಡಿಮೆ ಹೀಗೆ: ಪರವಾಗಿಲ್ಲ ಅನ್ನಿಸುತ್ತೆ, ಧನ್ಯವಾದ.

ಮನೆಗೆ ಬಂದ ನೆಂಟರು ಹಸಿದಿದ್ದರೂ ‘ಪರವಾಗಿಲ್ಲ, ಈಗ ಬೇಡ’ ಎನ್ನುತ್ತಾರೆ. ಕೇಳಿದವರು ಅದನ್ನು ನಂಬದೆ ಎಲೆ ಹಾಕುತ್ತಾರೆ. ಮುಖ ಕಾಣುವಲ್ಲಿ ಸಂಕೋಚದ ಮಾತಿನ ಒಳಗನ್ನು ಓದಿಕೊಳ್ಳಬಹುದು. ಏಕಕಾಲಕ್ಕೆ ಹಲವು ವಿಮಾನಗಳನ್ನು ನಡೆಸುವ ನಿಯಂತ್ರಕರಿಗೆ ಸಿಗುವುದು ಪದ ಮಾತ್ರ. ಸ್ವಲ್ಪ ಹೊತ್ತಿನಲ್ಲಿ ನಾಲ್ಕೂ ಎಂಜಿನ್ ನಿಂತು ವಿಮಾನ ಲಾಂಗ್ ಐಲ್ಯಾಂಡಿನಲ್ಲಿ ಬಿತ್ತು. 158 ಮಂದಿಯಲ್ಲಿ 73 ಜನ ಸತ್ತರು.

ತುರ್ತು ಸ್ಥಿತಿಯನ್ನು ತಿಳಿಸದ ಪೈಲಟ್‌ಗಳ ತಪ್ಪನ್ನು ಅಮೆರಿಕದ ತನಿಖಾ ಸಂಸ್ಥೆ ಎತ್ತಿ ಹೇಳಿತು. ಜೊತೆಗೆ, ಇಂಧನದ ಸ್ಥಿತಿ ಹೇಳಲು ಇಬ್ಬರಿಗೂ ಒಂದೇ ಅರ್ಥ ಕೊಡುವ ನಿಗದಿತ ಪದಗಳಿಲ್ಲದ್ದನ್ನೂ ಗುರುತಿಸಿತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅಂಥ ಎರಡು ಪದಗಳನ್ನು ಜಗತ್ತಿಗೆಲ್ಲ ಅನ್ವಯಿಸಿದ್ದು 2012ರಲ್ಲಿ. ‘ಮಿನಿಮಮ್ ಫ್ಯೂಯೆಲ್’ ಎಂದರೆ ಇನ್ನು ತಡಮಾಡಿಸಬೇಡಿ ಎಂಬ ಮುನ್ಸೂಚನೆ. ಅದಿನ್ನೂ ತುರ್ತು ಸ್ಥಿತಿಯಲ್ಲ. ‘ಮೇಡೇ ಫ್ಯೂಯೆಲ್’ ಎಂದರೆ, ಹತ್ತಿರದ ಸುರಕ್ಷಿತ ನಿಲ್ದಾಣದಲ್ಲೇ ಇಳಿದರೂ ಕೊನೆಗೆಂದು ಕಾದಿಟ್ಟ ಅರ್ಧ ಗಂಟೆಯ ಇಂಧನಕ್ಕೆ ಕೈಹಾಕಬೇಕಾದ ಸ್ಥಿತಿ.

ತಿರುವನಂತಪುರದಲ್ಲಿ ಯಾರೂ ‘ಪರವಾಗಿಲ್ಲ’ ಎನ್ನಲಿಲ್ಲ. ‘ಮೇಡೇ’ ಎಂದೊಡನೆ ಉಳಿದೆಲ್ಲ ವಿಮಾನಗಳಿಗಿಂತ ಆ ವಿಮಾನ ಮುಂದಾಗುತ್ತದೆ. ಆದರೆ ಆ ಪದ ಮಬ್ಬನ್ನು ಸರಿಸಲಾರದು, ಟ್ಯಾಂಕ್ ತುಂಬಿಸಲಾರದು. ‘ಮಿನಿಮಮ್ ಫ್ಯೂಯೆಲ್’ ಎಂಬ ಮೊದಲ ಮೆಟ್ಟಿಲನ್ನು ಇಟ್ಟಿರುವುದು ಅದಕ್ಕೇ: ಇನ್ನೂ ಬೇರೆ ದಾರಿಗಳಿರುವಾಗಲೇ, ಸಂಕೋಚ ಬಿಟ್ಟು ಹೇಳಲಿ ಎಂದು.