ಲೆಕ್ಕಕ್ಕೆ ಸಿಗದ ಮೀನು

ಹಿಡಿಯುವ ಮೀನಿಗೆ ಮಿತಿ ಹೇರುವುದು ಕೇಳಲು ಬಹಳ ಸುಲಭ. ಕಡಲಿನಲ್ಲಿ ಸುಮಾರು ಇಷ್ಟು ಮೀನಿದೆ, ಇಂತಿಷ್ಟು ಹಿಡಿದರೆ ಸಂತತಿಗೆ ಧಕ್ಕೆಯಿಲ್ಲ ಎಂದು ವಿಜ್ಞಾನಿಗಳು ಹೇಳುತ್ತಾರೆ. ಸರ್ಕಾರ ಅಷ್ಟು ಟನ್ನಿಗೆ ಅನುಮತಿ ಕೊಡುತ್ತದೆ. ಅಷ್ಟು ಮುಗಿದ ದಿನ ಬಲೆ ಎತ್ತಿಡಬೇಕು. ಆದರೆ ಅಷ್ಟು ಮುಗಿಯಿತೆಂದು ತಿಳಿಯುವುದು ಯಾರಿಗೆ? ಯಾವಾಗ? ತೂಗುವುದು ಎಲ್ಲಿ? ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಅಮೆರಿಕದ ಪಶ್ಚಿಮ ಕರಾವಳಿಗೆ ಸುಮಾರು ಮೂವತ್ತು ವರ್ಷ ಬೇಕಾಯಿತು. ಅಷ್ಟರಲ್ಲಿ ಅಲ್ಲಿನ ಮೀನುಗಾರಿಕೆಯೇ ಒಮ್ಮೆ ಮುಳುಗಿ ಎದ್ದಿತು.

ನಮ್ಮ ಕರಾವಳಿಯವರಿಗೆ ಪರಿಚಿತವಾದ ನಿಯಂತ್ರಣ ಬೇರೆ ಬಗೆಯದು. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದು ದಿನಗಳ ಲೆಕ್ಕ, ಕ್ಯಾಲೆಂಡರ್ ನೋಡಿ ಪಾಲಿಸಬಹುದು. ವಾಷಿಂಗ್ಟನ್, ಒರೆಗಾನ್ ಮತ್ತು ಕ್ಯಾಲಿಫೋರ್ನಿಯಾ ರಾಜ್ಯಗಳ ಕಡಲಿನಲ್ಲಿ ನಡೆಯುವುದು ಮುಖ್ಯವಾಗಿ ತೂಕದ ಲೆಕ್ಕ. ತೂಕ ದಿನದಿನಕ್ಕೂ ಏರುತ್ತ ಹೋಗುವುದರಿಂದ ಹಂಗಾಮಿನ ನಡುವೆಯೇ ಮಿತಿಯನ್ನು ತಿದ್ದುತ್ತಿರಬೇಕಾಗುತ್ತದೆ.

ಅಲ್ಲಿ ಲೆಕ್ಕ ಹಾಕಬೇಕಾದುದು ಒಂದೆರಡು ಜಾತಿಯ ಮೀನಲ್ಲ. ಕಡಲ ತಳದಲ್ಲಿ ಅಥವಾ ತಳದ ಸಮೀಪ ಬದುಕುವ 80ಕ್ಕೂ ಹೆಚ್ಚು ಜಾತಿಗಳನ್ನು ಒಟ್ಟಾಗಿ ‘ತಳಮೀನು’ ಎಂದು ಪರಿಗಣಿಸಲಾಗಿದೆ. ಚಪ್ಪಟೆ ಮೈಯ ಡೋವರ್ ಸೋಲ್, ಕಪ್ಪು ಮೈಯ ಸೇಬಲ್‌ಫಿಶ್, ದೊಡ್ಡ ಬಾಯಿಯ ಲಿಂಗ್‌ಕಾಡ್ ಇದರಲ್ಲಿ ಸೇರಿವೆ. ಎಲ್ಲಕ್ಕಿಂತ ಹೆಚ್ಚಿನ ಸಂಖ್ಯೆಯಲ್ಲಿರುವುದು ‘ರಾಕ್‌ಫಿಶ್’ ಎಂಬ ಗುಂಪಿನ ಜಾತಿಗಳು. ಇವು ಮೊಟ್ಟೆಯಿಡದೆ ಮರಿ ಹಾಕುವ, ನಿಧಾನವಾಗಿ ಬೆಳೆಯುವ, ಬಹುಕಾಲ ಬದುಕುವ ಮೀನುಗಳು. ಯೆಲ್ಲೋಐ ಎಂಬ ಜಾತಿಯ ಮೀನು ನೂರು ವರ್ಷ ಮೀರಿ ಬದುಕಬಲ್ಲದು. ಇಂಥ ಮೀನನ್ನು ಒಂದು ದಶಕ ಮಿತಿಮೀರಿ ಹಿಡಿದರೆ ಅದರ ನಷ್ಟ ತುಂಬಲು ಹಲವು ದಶಕ ಬೇಕು.

ಮಿತಿ ಬಂದ ಬಗೆ

1960ರ ದಶಕದಲ್ಲಿ ಸೋವಿಯತ್ ಮತ್ತು ಜಪಾನಿನ ಭಾರಿ ಹಡಗುಗಳು ಈ ಕರಾವಳಿಗೆ ಬಂದು ಪೆಸಿಫಿಕ್ ಓಶನ್ ಪರ್ಚ್ ಎಂಬ ರಾಕ್‌ಫಿಶ್ ಜಾತಿಯನ್ನು ಕೆಲವೇ ವರ್ಷಗಳಲ್ಲಿ ಬರಿದು ಮಾಡಿದವು. ಸ್ಥಳೀಯ ಮೀನುಗಾರರು ಕೂಗೆಬ್ಬಿಸಿದರು. 1976ರಲ್ಲಿ ಅಮೆರಿಕ ಕಾಯ್ದೆ ತಂದು, ಮರುವರ್ಷದಿಂದ 200 ನಾವಿಕ ಮೈಲಿವರೆಗಿನ ಮೀನಿನ ಮೇಲೆ ತನ್ನ ಹಕ್ಕು ಸ್ಥಾಪಿಸಿತು. ಅದೇ ಕಾಯ್ದೆಯಂತೆ ಎಂಟು ಪ್ರಾದೇಶಿಕ ಮಂಡಳಿಗಳು ರಚನೆಯಾದವು. ಪಶ್ಚಿಮ ಕರಾವಳಿಯ ಹೊಣೆ ಪೆಸಿಫಿಕ್ ಮೀನುಗಾರಿಕಾ ನಿರ್ವಹಣಾ ಮಂಡಳಿಯದಾಯಿತು.

ವಿದೇಶಿ ಹಡಗುಗಳು ಹೋದವು. ಆದರೆ ಅವುಗಳ ಜಾಗವನ್ನು ಸ್ವದೇಶಿ ದೋಣಿಗಳು ತುಂಬಿದವು. ದೋಣಿ ಕಟ್ಟಲು ಸರ್ಕಾರವೇ ಸಾಲಕ್ಕೆ ಖಾತರಿ ನೀಡಿತು, ತೆರಿಗೆ ರಿಯಾಯಿತಿ ಕೊಟ್ಟಿತು. ವಿಡೋ ರಾಕ್‌ಫಿಶ್ ಎಂಬ ಮೀನಿನ ಕತೆ ಇದಕ್ಕೆ ಒಳ್ಳೆಯ ಉದಾಹರಣೆ. ರಾತ್ರಿಯ ಹೊತ್ತು ನಡುನೀರಿನಲ್ಲಿ ದಟ್ಟವಾಗಿ ಗುಂಪುಗೂಡುವ ಈ ಮೀನಿನ ಗುಟ್ಟು 1970ರ ದಶಕದ ಕೊನೆಯಲ್ಲಿ ದೋಣಿಗಳಿಗೆ ಗೊತ್ತಾಯಿತು. 1981ರ ಹೊತ್ತಿಗೆ ವರ್ಷದ ಹಿಡುವಳಿ 25,000 ಟನ್ ದಾಟಿತು. 1982ರಲ್ಲಿ ತಳಮೀನು ನಿರ್ವಹಣೆಯ ಯೋಜನೆ ಜಾರಿಗೆ ಬಂತು. ಅದೇ ವರ್ಷ ವಿಡೋ ಮೀನಿಗೆ ‘ಪ್ರಯಾಣ ಮಿತಿ’ ಹೇರಲಾಯಿತು. ಒಂದು ದೋಣಿ ಒಂದು ಸಲ ಕಡಲಿಗೆ ಹೋಗಿಬಂದರೆ 75,000 ಪೌಂಡ್, ಅಂದರೆ ಸುಮಾರು 34 ಟನ್ನಿಗಿಂತ ಹೆಚ್ಚು ಇಳಿಸುವಂತಿಲ್ಲ. 1983ರಲ್ಲಿ ಈ ಮಿತಿ 30,000 ಪೌಂಡಿಗೆ ಇಳಿಯಿತು.

ಪ್ರಯಾಣ ಮಿತಿ ಎಂಬ ಈ ಉಪಾಯವನ್ನು ತಿಳಿಗೇಡಿತನ ಎನ್ನುವಂತಿಲ್ಲ. ವರ್ಷಕ್ಕೊಂದು ಒಟ್ಟು ಮಿತಿ ಇಟ್ಟು ಸುಮ್ಮನಾದರೆ ಏನಾಗುತ್ತದೆ ಎಂಬುದಕ್ಕೆ ಅಲಾಸ್ಕದ ಹಾಲಿಬಟ್ ಮೀನುಗಾರಿಕೆಯೇ ಸಾಕ್ಷಿ. ಅಲ್ಲಿ ಪ್ರತಿಯೊಬ್ಬರೂ ಇತರರಿಗಿಂತ ಮೊದಲು ಹಿಡಿಯಲು ಧಾವಿಸಿ, 1990ರ ದಶಕದ ಆರಂಭದಲ್ಲಿ ಹಲವು ಕಡೆ ಹಂಗಾಮು ವರ್ಷಕ್ಕೆ ಒಂದೆರಡು ದಿನಗಳಷ್ಟೇ ಉಳಿದಿತ್ತು. ಬಿರುಗಾಳಿ ಇದ್ದರೂ ಆ 24 ಗಂಟೆಗಳಲ್ಲೇ ಕಡಲಿಗಿಳಿಯಬೇಕು. ಹಿಡಿದದ್ದೆಲ್ಲ ಒಮ್ಮೆಲೇ ಬಂದು ಬೀಳುವುದರಿಂದ ಬೆಲೆಯೂ ಇಲ್ಲ. ಪಶ್ಚಿಮ ಕರಾವಳಿಯ ಮಂಡಳಿಗೆ ಈ ಓಟ ಬೇಡವಾಗಿತ್ತು. ಮೀನು ಸಂಸ್ಕರಣ ಘಟಕಗಳಿಗೆ ವರ್ಷವಿಡೀ ಸರಕು ಸಿಗಬೇಕು, ಕಾರ್ಮಿಕರಿಗೆ ವರ್ಷವಿಡೀ ಕೆಲಸ ಇರಬೇಕು. ಆದ್ದರಿಂದ ಒಟ್ಟು ಮಿತಿಯನ್ನು ಸಣ್ಣ ಸಣ್ಣ ತುತ್ತುಗಳಾಗಿ ಹಂಚಿ ಹನ್ನೆರಡು ತಿಂಗಳಿಗೂ ಹಬ್ಬಿಸುವ ದಾರಿ ಹಿಡಿದರು.

ಹಂಗಾಮಿನ ನಡುವಿನ ತಿದ್ದುಪಡಿ

ಕೆಲಸ ನಡೆಯುತ್ತಿದ್ದ ರೀತಿ ಇದು. ದೋಣಿ ದಡಕ್ಕೆ ಬಂದು ಮೀನು ಮಾರಿದಾಗ ಕೊಳ್ಳುವವನು ಒಂದು ಚೀಟಿ ತುಂಬುತ್ತಾನೆ. ಯಾವ ಜಾತಿ, ಎಷ್ಟು ತೂಕ, ಎಷ್ಟು ಬೆಲೆ ಎಂಬ ವಿವರ ಅದರಲ್ಲಿರುತ್ತದೆ. ಚೀಟಿಗಳು ರಾಜ್ಯಗಳ ಇಲಾಖೆಗಳಿಗೆ ಹೋಗಿ, ಅಲ್ಲಿಂದ ಮೂರೂ ರಾಜ್ಯಗಳ ಅಂಕಿ ಅಂಶ ಒಂದೆಡೆ ಸೇರುತ್ತವೆ. ಮಂಡಳಿಯ ತಜ್ಞರ ತಂಡ ಆ ಅಂಕಿಗಳನ್ನು ಮುಂದಿಟ್ಟುಕೊಂಡು, ಇದೇ ವೇಗದಲ್ಲಿ ಹಿಡಿದರೆ ಡಿಸೆಂಬರ್ ಕೊನೆಗೆ ಎಷ್ಟಾದೀತು ಎಂದು ಅಂದಾಜು ಮಾಡುತ್ತದೆ. ಮಿತಿ ಮೀರುವ ಸೂಚನೆ ಕಂಡರೆ ಮುಂದಿನ ಅವಧಿಯ ತುತ್ತನ್ನು ಕಿರಿದು ಮಾಡುತ್ತಾರೆ. ಮಿಗುವಂತಿದ್ದರೆ ಹಿರಿದು ಮಾಡುತ್ತಾರೆ. ಮಂಡಳಿ ಸಭೆಯಲ್ಲಿ ಒಪ್ಪಿದ ಮೇಲೆ ಕೇಂದ್ರದ ಮೀನುಗಾರಿಕಾ ಇಲಾಖೆ ಆದೇಶ ಹೊರಡಿಸುತ್ತದೆ. ಕಾಲಕ್ರಮದಲ್ಲಿ ಪ್ರಯಾಣದ ಮಿತಿ ಹೋಗಿ ತಿಂಗಳ ಮಿತಿ ಬಂತು, ನಂತರ ಎರಡು ತಿಂಗಳ ಮಿತಿ ಬಂತು. 1994ರಿಂದ ಪರವಾನಗಿಗಳ ಸಂಖ್ಯೆಗೂ ಕಡಿವಾಣ ಬಿತ್ತು.

ಈ ವ್ಯವಸ್ಥೆಯಲ್ಲಿ ಒಂದು ಬಿರುಕು ಇತ್ತು. ಚೀಟಿಯಲ್ಲಿ ದಾಖಲಾಗುವುದು ದಡಕ್ಕೆ ಬಂದ ಮೀನು ಮಾತ್ರ. ಸತ್ತ ಮೀನೆಲ್ಲ ದಡಕ್ಕೆ ಬರುತ್ತಿರಲಿಲ್ಲ.

ಟ್ರಾಲ್ ಬಲೆಗೆ ಜಾತಿಭೇದವಿಲ್ಲ. ಡೋವರ್ ಸೋಲ್ ಇರುವಲ್ಲಿ ಸೇಬಲ್‌ಫಿಶ್ ಕೂಡ ಇರುತ್ತದೆ. ಆದರೆ ಕಾನೂನಿನಲ್ಲಿ ಎರಡಕ್ಕೂ ಬೇರೆ ಬೇರೆ ಮಿತಿ. ಸೇಬಲ್‌ಫಿಶ್ ಮಿತಿ ಮುಗಿದಿದೆ, ಸೋಲ್ ಮಿತಿ ಇನ್ನೂ ಬಾಕಿ ಇದೆ ಎಂದಿಟ್ಟುಕೊಳ್ಳಿ. ಮೀನುಗಾರ ಸೋಲ್‌ಗಾಗಿ ಬಲೆ ಎಳೆಯುತ್ತಾನೆ, ಜತೆಗೆ ಬಂದ ಸೇಬಲ್‌ಫಿಶ್ ಅನ್ನು ಕಡಲಿಗೆ ಎಸೆಯುತ್ತಾನೆ. ದಡಕ್ಕೆ ತಂದರೆ ಕಾನೂನು ಉಲ್ಲಂಘನೆ, ಎಸೆದರೆ ಕಾನೂನು ಪಾಲನೆ! ಕೆಲವೊಮ್ಮೆ ಹೆಚ್ಚು ಬೆಲೆ ಬಾಳುವ ದೊಡ್ಡ ಮೀನಿಗೆ ಮಿತಿ ಉಳಿಸಿಕೊಳ್ಳಲು ಸಣ್ಣವನ್ನು ಎಸೆಯುವುದೂ ಇತ್ತು.

ಎಸೆದ ಮೀನು ಬದುಕಿಕೊಂಡರೆ ಚಿಂತೆಯಿರಲಿಲ್ಲ. ಆದರೆ ರಾಕ್‌ಫಿಶ್‌ನ ದೇಹದಲ್ಲಿ ಗಾಳಿಚೀಲವಿದೆ. ಆಳದಿಂದ ಒಮ್ಮೆಲೇ ಮೇಲೆ ಬಂದಾಗ ನೀರಿನ ಒತ್ತಡ ಇಳಿದು ಚೀಲದ ಗಾಳಿ ಹಿಗ್ಗುತ್ತದೆ. ಕಣ್ಣು ಹೊರಚಾಚುತ್ತದೆ, ಹೊಟ್ಟೆ ಬಾಯಿಗೆ ಬರುತ್ತದೆ. ಬಲೆಯ ಒತ್ತಿಗೆ ಸಿಕ್ಕಿ ಹೀಗೆ ಮೇಲೆ ಬಂದ ಮೀನಿಗೆ ಮತ್ತೆ ಬದುಕಿಲ್ಲ. ಅದು ಸತ್ತಿತು, ಆದರೆ ಯಾವ ಚೀಟಿಯಲ್ಲೂ ಸೇರಲಿಲ್ಲ.

ಇದು ಗುಟ್ಟಾಗಿಯೇನೂ ಇರಲಿಲ್ಲ. 1985ರಿಂದ 1987ರವರೆಗೆ ಎಲೆನ್ ಪಿಕಿಚ್ ಅವರ ನೇತೃತ್ವದಲ್ಲಿ ಸಂಶೋಧಕರು ಒಪ್ಪಿದ ದೋಣಿಗಳಲ್ಲಿ ಹೋಗಿ ಎಸೆದ ಮೀನಿನ ಲೆಕ್ಕ ತೆಗೆದರು. ಮಿತಿ ಬಿಗಿಯಾದಷ್ಟೂ ಎಸೆಯುವ ಪ್ರಮಾಣ ಏರುತ್ತದೆ ಎಂಬುದು ಅವರು ಕಂಡುಕೊಂಡ ಸತ್ಯ. ಈ ಅಧ್ಯಯನದ ಆಧಾರದಲ್ಲಿ ಹಲವು ರಾಕ್‌ಫಿಶ್ ಜಾತಿಗಳಿಗೆ ಶೇ 16ರಷ್ಟು ಮೀನು ಎಸೆಯಲ್ಪಡುತ್ತದೆ ಎಂದು ಇಟ್ಟುಕೊಂಡು ಲೆಕ್ಕ ನಡೆಸಲಾಯಿತು. 1990ರ ದಶಕದಲ್ಲಿ ಮಿತಿಗಳು ಇನ್ನಷ್ಟು ಬಿಗಿಯಾದವು. ಅಂದಾಜು ಮಾತ್ರ ಹಳೆಯದೇ ಉಳಿಯಿತು.

ಕುಸಿತ

ಎಲ್ಲ ತಪ್ಪನ್ನೂ ಎಸೆದ ಮೀನಿನ ಮೇಲೆ ಹೊರಿಸಲಾಗದು. 1970ರ ದಶಕದ ಕೊನೆಯಿಂದ ಕಡಲ ನೀರು ಬೆಚ್ಚಗಾಗಿ ಮರಿಗಳು ಉಳಿಯುವುದು ಕಡಿಮೆಯಾಗಿತ್ತು. ಬೇಗ ಬೆಳೆಯುವ ಇತರ ಮೀನುಗಳ ಅನುಭವದಿಂದ ನಿಗದಿಪಡಿಸಿದ ಹಿಡಿಯುವ ಪ್ರಮಾಣ ರಾಕ್‌ಫಿಶ್‌ಗೆ ಅತಿಯಾಯಿತು. ದೋಣಿಗಳ ಸಂಖ್ಯೆಯಂತೂ ಮೀನಿಗೆ ಹೋಲಿಸಿದರೆ ಬಹಳವೇ ಹೆಚ್ಚಿತ್ತು. 1996ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಕುಸಿದ ಸಂತತಿಗಳನ್ನು ಗುರುತಿಸಿ ಪುನಶ್ಚೇತನ ಯೋಜನೆ ಹಾಕಿಕೊಳ್ಳುವುದನ್ನು ಕಡ್ಡಾಯ ಮಾಡಲಾಯಿತು. 2002ರ ಹೊತ್ತಿಗೆ ಆ ಪಟ್ಟಿಯಲ್ಲಿ ಒಂಬತ್ತು ಹೆಸರುಗಳಿದ್ದವು. ಅವುಗಳಲ್ಲಿ ಏಳು ರಾಕ್‌ಫಿಶ್ ಜಾತಿಗಳು.

2000ದ ಜನವರಿಯಲ್ಲಿ ವಾಣಿಜ್ಯ ಕಾರ್ಯದರ್ಶಿ ವಿಲಿಯಂ ಡೇಲಿ ಈ ಮೀನುಗಾರಿಕೆಯನ್ನು ‘ವಿಪತ್ತು’ ಎಂದು ಘೋಷಿಸಿದರು. ಬರಗಾಲ, ಪ್ರವಾಹಗಳಿಗೆ ಬಳಸುವ ಮಾತನ್ನು ಒಂದು ಮೀನುಗಾರಿಕೆಗೆ ಬಳಸಬೇಕಾಯಿತು. 2002-03ರಲ್ಲಿ ಕೆನಡಾ ಗಡಿಯಿಂದ ಮೆಕ್ಸಿಕೊ ಗಡಿವರೆಗೆ, ರಾಕ್‌ಫಿಶ್ ಹೆಚ್ಚಾಗಿರುವ ಆಳದ ಉದ್ದನೆಯ ಪಟ್ಟಿಯನ್ನು ತಳದ ಬಲೆಗೆ ಮುಚ್ಚಲಾಯಿತು. ದೋಣಿಗಳು ಅತ್ತ ಸುಳಿಯದಂತೆ ಉಪಗ್ರಹದ ಮೂಲಕ ಕಣ್ಣಿಡಲಾಯಿತು. 2003ರಲ್ಲಿ ಸುಮಾರು 4.6 ಕೋಟಿ ಡಾಲರ್ ಕೊಟ್ಟು 91 ದೋಣಿಗಳನ್ನು ಶಾಶ್ವತವಾಗಿ ನಿವೃತ್ತಿಗೊಳಿಸಲಾಯಿತು. ಅದರಲ್ಲಿ ಒಂದು ಕೋಟಿ ಮಾತ್ರ ಸರ್ಕಾರದ್ದು. ಉಳಿದದ್ದು ಸಾಲ, ಅದನ್ನು ತೀರಿಸಬೇಕಾದವರು ಕಡಲಲ್ಲಿ ಉಳಿದ ಮೀನುಗಾರರು.

ಇಷ್ಟೆಲ್ಲದರ ನಡುವೆ ಸದ್ದಿಲ್ಲದೆ ಆರಂಭವಾದದ್ದು ಇನ್ನೊಂದು ಕೆಲಸ. 2001ರ ಆಗಸ್ಟ್‌ನಿಂದ ಇಲಾಖೆಯ ವೀಕ್ಷಕರು ಕೆಲವು ದೋಣಿಗಳನ್ನೇರಿ ಮೀನುಗಾರರ ಜತೆಗೇ ಕಡಲಿಗೆ ಹೋದರು. ಬಲೆಯಲ್ಲಿ ಬಂದದ್ದೆಷ್ಟು, ಎಸೆದದ್ದೆಷ್ಟು ಎಂದು ಅಲ್ಲೇ ಬರೆದುಕೊಂಡರು. ಲೆಕ್ಕದ ಜಾಗ ದಡದಿಂದ ದೋಣಿಯ ಅಟ್ಟಕ್ಕೆ ಸರಿಯತೊಡಗಿತು.

ಪಾಲು ಮತ್ತು ಪಹರೆ

2011ರ ಜನವರಿಯಲ್ಲಿ ಟ್ರಾಲ್ ದೋಣಿಗಳಿಗೆ ಎರಡು ತಿಂಗಳ ಮಿತಿಯ ಪದ್ಧತಿ ಕೊನೆಗೊಂಡಿತು. ಅದರ ಬದಲು ವರ್ಷದ ಒಟ್ಟು ಮಿತಿಯಲ್ಲಿ ಪ್ರತಿ ಪರವಾನಗಿದಾರನಿಗೆ ಜಾತಿವಾರು ಪಾಲು ಸಿಕ್ಕಿತು. ಆ ಪಾಲನ್ನು ಯಾವಾಗ ಬೇಕಾದರೂ ಹಿಡಿಯಬಹುದು, ಇತರರಿಗೆ ಮಾರಬಹುದು. ಓಡುವ ಅಗತ್ಯ ಇಲ್ಲ. ಆದರೆ ಎರಡು ಕಟ್ಟುಪಾಡುಗಳು. ಎಸೆದ ಮೀನೂ ಪಾಲಿನ ಲೆಕ್ಕಕ್ಕೆ ಸೇರುತ್ತದೆ. ಪ್ರತಿಯೊಂದು ಪ್ರಯಾಣದಲ್ಲೂ ವೀಕ್ಷಕ ಇರಲೇಬೇಕು, ದಡದಲ್ಲೂ ತೂಕ ನೋಡಲು ಇನ್ನೊಬ್ಬ ಇರಬೇಕು. ಕೆಲವು ದೋಣಿಗಳು ಮುಂದೆ ವೀಕ್ಷಕರ ಬದಲು ಕ್ಯಾಮೆರಾ ಅಳವಡಿಸಿಕೊಂಡವು.

ಪರಿಣಾಮ ಕೂಡಲೇ ಕಂಡಿತು. ಎಸೆದರೆ ತನ್ನದೇ ಗಂಟು ಕರಗುತ್ತದೆ ಎಂದಾಗ ಎಸೆಯುವುದು ತೀವ್ರವಾಗಿ ಇಳಿಯಿತು. ಯೆಲ್ಲೋಐನಂಥ ಅಪರೂಪದ ಮೀನಿಗೆ ಒಂದು ದೋಣಿಗೆ ಸಿಗುವ ಪಾಲು ಕೆಲವೇ ಪೌಂಡ್. ಒಂದು ಬಲೆ ತಪ್ಪಿದರೆ ವರ್ಷದ ದುಡಿಮೆಯೇ ನಿಲ್ಲಬಹುದು. ಆದ್ದರಿಂದ ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್, ಹಾಫ್ ಮೂನ್ ಬೇ, ಮೊರೊ ಬೇ ಬಂದರುಗಳ ಮೀನುಗಾರರು ಇಂಥ ಮೀನಿನ ಪಾಲುಗಳನ್ನು ಒಟ್ಟುಗೂಡಿಸಿಕೊಂಡು, ಅವು ಎಲ್ಲಿ ಬಲೆಗೆ ಬೀಳುತ್ತಿವೆ ಎಂಬ ಸುದ್ದಿಯನ್ನು ಪರಸ್ಪರ ಹಂಚಿಕೊಂಡರು. ತನ್ನ ಮೀನಿನ ಜಾಗವನ್ನು ಬಾಯಿಬಿಡದ ವೃತ್ತಿಯಲ್ಲಿ ಇದು ಸಣ್ಣ ಬದಲಾವಣೆಯಲ್ಲ.

ಮೀನೂ ಮರಳಿತು. 2015ರಲ್ಲಿ ಕೆನರಿ ರಾಕ್‌ಫಿಶ್, 2017ರಲ್ಲಿ ಬೊಕಾಚಿಯೊ ಮತ್ತು ಅರ್ಧ ಶತಮಾನದ ಹಿಂದೆ ಬರಿದಾಗಿದ್ದ ಓಶನ್ ಪರ್ಚ್ ಚೇತರಿಸಿಕೊಂಡವು ಎಂದು ಘೋಷಿಸಲಾಯಿತು. 2019ರ ಹೊತ್ತಿಗೆ ಒಂಬತ್ತರಲ್ಲಿ ಎಂಟು ಜಾತಿಗಳು ಪಟ್ಟಿಯಿಂದ ಹೊರಬಂದಿದ್ದವು. ಕೆಲವಂತೂ ನಿರೀಕ್ಷೆಗಿಂತ ದಶಕಗಳಷ್ಟು ಮೊದಲೇ. 2020ರ ಜನವರಿಯಲ್ಲಿ ಒರೆಗಾನ್ ಮತ್ತು ಕ್ಯಾಲಿಫೋರ್ನಿಯಾ ಕಡಲಿನ ಮುಚ್ಚಿದ ಪಟ್ಟಿಯನ್ನು ಟ್ರಾಲ್ ದೋಣಿಗಳಿಗೆ ತೆರೆಯಲಾಯಿತು.

ಆದರೆ ಬೆಲೆ ತೆತ್ತವರೂ ಇದ್ದಾರೆ. ಪಾಲು ಹಂಚಿದ್ದು 1994ರಿಂದ 2003ರವರೆಗಿನ ಹಿಡುವಳಿಯ ಆಧಾರದಲ್ಲಿ, ಪರವಾನಗಿ ಇದ್ದವರಿಗೆ. ಅವರ ದೋಣಿಯಲ್ಲಿ ದುಡಿದ ಆಳುಗಳಿಗೆ ಏನೂ ಸಿಗಲಿಲ್ಲ. ಈಗ ಹೊಸದಾಗಿ ಈ ವೃತ್ತಿಗೆ ಬರುವ ಯುವಕ ದೋಣಿಯ ಜತೆಗೆ ಪಾಲನ್ನೂ ಕೊಳ್ಳಬೇಕು. ವೀಕ್ಷಕರ ಖರ್ಚಿಗೆ ಮೊದಲ ಕೆಲವು ವರ್ಷ ಸರ್ಕಾರ ನೆರವಾಯಿತು, ನಂತರ ಅದು ದೋಣಿಯ ಮಾಲೀಕನ ತಲೆಗೇ ಬಂತು. ದೊಡ್ಡ ದೋಣಿಗೆ ಹಗುರವೆನಿಸುವ ಈ ಖರ್ಚು ಸಣ್ಣ ದೋಣಿಗೆ ಭಾರ. ಸಣ್ಣ ಬಂದರುಗಳಲ್ಲಿ ದೋಣಿಗಳು ವಿರಳವಾದವು.

ಇನ್ನೊಂದು ನಷ್ಟವನ್ನು ಯಾರೂ ಅಷ್ಟಾಗಿ ಊಹಿಸಿರಲಿಲ್ಲ. ಮೀನಿಲ್ಲದ ವರ್ಷಗಳಲ್ಲಿ ಕೊಳ್ಳುವವರು ಹೊರದೇಶದ ಅಗ್ಗದ ಮೀನಿಗೆ ಒಗ್ಗಿಕೊಂಡರು, ಸಂಸ್ಕರಣ ಘಟಕಗಳು ಮುಚ್ಚಿದವು. ಮೀನು ಮರಳಿದರೂ ಮಾರುಕಟ್ಟೆ ಮರಳಲಿಲ್ಲ. ಹಲವು ಜಾತಿಗಳಲ್ಲಿ ಅನುಮತಿಸಿದಷ್ಟನ್ನೂ ಹಿಡಿಯದೆ ವರ್ಷ ಮುಗಿದದ್ದುಂಟು. ಒಂದು ಕಾಲಕ್ಕೆ ಮಿತಿ ಮೀರದಂತೆ ತಡೆಯುವುದೇ ಚಿಂತೆಯಾಗಿದ್ದ ಕಡೆ, ಮಿತಿಯನ್ನು ತಲುಪುವುದು ಹೇಗೆಂಬ ಚಿಂತೆ ಹುಟ್ಟಿತು.

ಮಿತಿ ಇಲ್ಲದ್ದರಿಂದ ಈ ಕರಾವಳಿ ಕೆಟ್ಟಿತು ಎನ್ನುವಂತಿಲ್ಲ. 1982ರಿಂದಲೂ ಅಲ್ಲಿ ಮಿತಿ ಇತ್ತು, ಅದನ್ನು ವರ್ಷಕ್ಕೆ ಹಲವು ಬಾರಿ ತಿದ್ದುವ ಶ್ರದ್ಧೆಯೂ ಇತ್ತು. ಹೆಚ್ಚಿನ ಮೀನುಗಾರರು ಅದನ್ನು ಪಾಲಿಸಿಯೂ ಇದ್ದರು. ದಡಕ್ಕೆ ಬಂದ ಮೀನಿಗೆ ಹಾಕಿದ ಮಿತಿಯನ್ನು ಕಡಲಲ್ಲಿ ಸತ್ತ ಮೀನಿನ ಮಿತಿ ಎಂದು ಭಾವಿಸಿದ್ದೇ ಅಲ್ಲಿ ಆದ ಎಡವಟ್ಟು. ಆ ಎರಡು ಅಂಕಿಗಳ ನಡುವೆ ಎಷ್ಟು ಅಂತರವಿದೆ ಎಂಬುದು, ಒಬ್ಬ ವ್ಯಕ್ತಿ ಪುಸ್ತಕ ಹಿಡಿದು ದೋಣಿ ಹತ್ತುವವರೆಗೆ ಕಾಗದದಲ್ಲಿ ಕಾಣಲಿಲ್ಲ.