ಕುಲಾಂತರಿ ಆಹಾರ: ಶಿಕಾರಿಪುರ–ಸೊರಬ ಸೀಮೆಯ ಅರಿವು, ನಿಲುವು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಭತ್ತ, ಮೆಕ್ಕೆಜೋಳ, ಅಡಿಕೆ, ಶುಂಠಿ ಮುಖ್ಯ ಬೆಳೆಗಳು. ಇವುಗಳಲ್ಲಿ ಯಾವುದರ ಕುಲಾಂತರಿ ತಳಿಯನ್ನೂ ಬೆಳೆಯಲು ಭಾರತದಲ್ಲಿ ಅನುಮತಿಯಿಲ್ಲ. ರೈತರು ವರ್ಷವರ್ಷ ಅಂಗಡಿಯಿಂದ ತರುವ ಮೆಕ್ಕೆಜೋಳದ ಬೀಜ ಹೈಬ್ರಿಡ್. ಅಂದರೆ ಒಂದೇ ಬೆಳೆಯ ಎರಡು ತಳಿಗಳ ಸಂಕರ. ಕುಲಾಂತರಿಯಾದರೆ ಬೇರೆ ಜೀವಿಯ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸೇರಿಸಿದ್ದು. ಎರಡನ್ನೂ ಒಂದೇ ಎಂದು ತಿಳಿದು ಬೈಯುವವರೂ ಹೊಗಳುವವರೂ ಇದ್ದಾರೆ. ಜವಾರಿ ರುಚಿ ಹೋಯಿತೆಂಬ ದೂರು ನಿಜವಾಗಿ ಹೈಬ್ರಿಡ್ಡಿನ ಮೇಲಿನದು.

ಕೀಟ ತಡೆಯುವ ಕುಲಾಂತರಿ ಬೆಳೆಗಳಿಗಿರುವ ಬಿಟಿ ಎಂಬ ಹೆಸರು ಕರ್ನಾಟಕದಲ್ಲಿ ಮನೆಮಾತಾದದ್ದು ಹತ್ತಿಯಿಂದ. 1998ರಲ್ಲಿ ಎಂ.ಡಿ. ನಂಜುಂಡಸ್ವಾಮಿ ಮುಂದಾಳತ್ವದ ರೈತಸಂಘ ರಾಯಚೂರು, ಬಳ್ಳಾರಿ ಕಡೆಯ ಬಿಟಿ ಹತ್ತಿಯ ಪ್ರಾಯೋಗಿಕ ತಾಕುಗಳಿಗೆ ಬೆಂಕಿಯಿಟ್ಟಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿತು. ಶಿಕಾರಿಪುರಕ್ಕೆ ತಗುಲಿಕೊಂಡ ಹಾವೇರಿ ಜಿಲ್ಲೆಯ ಹತ್ತಿ ಹೊಲಗಳಿಗೂ ಅದು ಬಂತು. ಚಳವಳಿಯ ಸಿಟ್ಟು ತಟ್ಟೆಗಿಂತ ಹೆಚ್ಚಾಗಿ ಬೀಜದ ಒಡೆತನದ ಮೇಲಿತ್ತು. ಇಂದಿಗೂ ವಿರೋಧದ ಗಟ್ಟಿ ವಾದ ಅದೇ.

ಆಹಾರದ ಪ್ರಶ್ನೆ ಮುನ್ನೆಲೆಗೆ ಬಂದದ್ದು ಬದನೆಯಿಂದ. ಮಹಿಕೋ ಬೀಜ ಕಂಪನಿಯ ಬಿಟಿ ವಂಶವಾಹಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯ ರಾಜ್ಯದ ನಾಟಿ ಬದನೆ ತಳಿಗಳಿಗೆ ಸೇರಿಸಿತ್ತು. ಉಡುಪಿಯ ಗುಳ್ಳವೂ ಅವುಗಳಲ್ಲೊಂದು. 2009ರ ಅಕ್ಟೋಬರ್ 14ರಂದು ಕೇಂದ್ರದ ತಜ್ಞ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಪರಿಸರ ಸಚಿವ ಜೈರಾಮ್ ರಮೇಶ್ ಏಳು ನಗರಗಳಲ್ಲಿ ಜನಾಭಿಪ್ರಾಯ ಕೇಳಿದರು. ಬೆಂಗಳೂರಿನ ಸಭೆ ನಡೆದದ್ದು 2010ರ ಫೆಬ್ರುವರಿ 6ರಂದು. ಆಗಿನ ಮುಖ್ಯಮಂತ್ರಿ, ಶಿಕಾರಿಪುರದ ಶಾಸಕ ಬಿ.ಎಸ್. ಯಡಿಯೂರಪ್ಪ ಅವರ ಸರ್ಕಾರ ಬಿಟಿ ಬದನೆಯನ್ನು ಸದ್ಯಕ್ಕೆ ಬಿಡುಗಡೆ ಮಾಡಬಾರದೆಂದು ಕೇಂದ್ರಕ್ಕೆ ತಿಳಿಸಿತು. ಫೆಬ್ರುವರಿ 9ರಂದು ತಡೆ ಬಿತ್ತು. ಪಕ್ಷ ಬೇರೆಯಾದರೂ ರಾಜ್ಯ, ಕೇಂದ್ರಗಳ ಮಾತು ಒಂದಾದ ಅಪರೂಪದ ಸಂದರ್ಭವಿದು.

ಹಾಗೆಂದು ಇಲ್ಲಿನವರ ಊಟಕ್ಕೂ ಕುಲಾಂತರಿಗೂ ನಂಟೇ ಇಲ್ಲವೆನ್ನಲಾಗದು. ಹಸುಗಳಿಗೆ ಹಾಕುವ ಹತ್ತಿಕಾಳಿನ ಹಿಂಡಿ ಬಹುಪಾಲು ಬಿಟಿ ಹತ್ತಿಯದು. ಅರ್ಜೆಂಟೀನಾ, ಬ್ರೆಜಿಲ್‌ಗಳಿಂದ ಬರುವ ಸೋಯಾ ಎಣ್ಣೆಯೂ ಹೆಚ್ಚಾಗಿ ಕುಲಾಂತರಿ ಸೋಯಾದಿಂದ ತೆಗೆದದ್ದು. ಶುದ್ಧೀಕರಿಸಿದ ಎಣ್ಣೆಯಲ್ಲಿ ಅದರ ವಂಶವಾಹಿಯಾಗಲಿ ಪ್ರೋಟೀನಾಗಲಿ ಉಳಿಯುವುದು ತೀರಾ ಕಡಿಮೆ. ಬದನೆಯ ಬಗ್ಗೆ ಎದ್ದ ಗದ್ದಲ ಎಣ್ಣೆಯ ಬಗ್ಗೆ ಏಳಲಿಲ್ಲ. ಕುಲಾಂತರಿ ಆಹಾರದ ಪೊಟ್ಟಣದ ಮೇಲೆ ಹಾಗೆಂದು ನಮೂದಿಸಬೇಕೆಂಬ ನಿಯಮ 2013ರ ಜನವರಿ 1ರಿಂದಲೇ ಇದೆ.

ಬಾಂಗ್ಲಾದೇಶದ ರೈತರು 2014ರಿಂದ ಬಿಟಿ ಬದನೆ ಬೆಳೆಯುತ್ತಿದ್ದಾರೆ. ಭಾರತದಲ್ಲಿ 2010ರ ತಡೆ ತೆರವಾಗಿಲ್ಲ.